ನೂರಕ್ಕೆ ಒಂದು

ನಾವು ಅವರನ್ನು ಅಪ್ಪ ಎಂದು ಕರೆದದ್ದೇ ಇಲ್ಲ.
ತುಂಬಿದ ಮನೆ; ದೊಡ್ಡಪ್ಪನ ಮಕ್ಕಳು ಕರೆದಂತೆ
ನಾವೂ ಕಾಕಾ ಎಂದೆವು, ತೊಂಬತ್ತೊಂದು ವರ್ಷ
ಆ ಹೆಸರಿಗೇ ಓಗೊಟ್ಟರು.
ಅಣವೀರಪ್ಪ ಎಂಬುದು ಕಚೇರಿಯ ಫಲಕಕ್ಕೆ,
ಆಮೇಲೆ ಪಿಂಚಣಿ ಪುಸ್ತಕಕ್ಕೆ.

ಬ್ರಹ್ಮಪುರದ ಮನೆಯ ಮಾಳಿಗೆಯ ಮೇಲೆ, ಒಂದು ರವಿವಾರ,
ಡಂಪಿ ಲೆವೆಲ್ಲಿನ ಮೂರು ಕಾಲು ಬಿಚ್ಚಿ ನಿಲ್ಲಿಸಿ
ನನ್ನನ್ನು ಎಣ್ಣೆ ಡಬ್ಬಿಯ ಮೇಲೆ ಹತ್ತಿಸಿದರು.
ಒಂದು ಕಣ್ಣು ಮುಚ್ಚಿದೆ:
ಅವ್ವ ತಲೆಕೆಳಗಾಗಿ ಸೀರೆ ಒಣಹಾಕುತ್ತಿದ್ದಳು,
ಪಾದಕ್ಕಂಟಿದ ಮಾಳಿಗೆ ಮೇಲೆ, ತಲೆಯ ಕೆಳಗೆ ಇಡೀ ಆಕಾಶ.
ಬೀಳ್ತಾಳ, ಕಾಕಾ! ಎಂದು ಚೀರಿದೆ.
ನಕ್ಕರು. "ಉಲ್ಟಾ ಕಂಡರೂ ಲೆಕ್ಕ ಸೀದಾ ಇರ್ತದ."

ಕೂರಿಗೆಯ ಬೇಸಿಗೆ ಅದಕ್ಕೂ ಮೊದಲೋ, ಆಮೇಲೋ,
ಅಕ್ಕ ಇದ್ದಿದ್ದರೆ ಹೇಳುತ್ತಿದ್ದಳು.
ಅಂಗಳದಲ್ಲಿ ಅವ್ವನ ಚಾದರ ಹಾಸಿ, ಔಡಲೆಣ್ಣೆ ಬಳಿದು
ಮೂರು ತಾಳಿನ ಹೊಸ ಕಬ್ಬಿಣದ ಕೂರಿಗೆಯನ್ನು
ತಾವೇ ಎತ್ತಾಗಿ ಎಳೆದರು.
ಬಿದ್ದ ತೊಗರಿ ಬಿದ್ದಲ್ಲೇ ಅಂಟಿತು.
ನಾವು ಐದು ಜನ ಶಾಲೆಯ ಸ್ಕೇಲು ಹಿಡಿದು ಅಂಬೆಗಾಲಿಟ್ಟು
ಕಾಳಿನಿಂದ ಕಾಳಿಗೆ ಎಷ್ಟೆಂದು ಕೂಗಿದೆವು.
ರಾಚಣ್ಣ ಒಂದು ಕಾಳು ಬಾಯಿಗೆ ಹಾಕಿಕೊಂಡ.
ಅದನ್ನೂ ಬರೆದುಕೊಂಡರು:
ಒಂದು ಕಡಿಮೆ, ಕಾರಣ ರಾಚಣ್ಣ.

ಚಿಂಚೋಳಿಯ ಕಡೆ, ಮುಲ್ಲಾಮಾರಿಗೆ ಸೇರುವ ಹಳ್ಳದ ಮೇಲ್ಗಡೆ
ಅವರು ನಿಂತು ಹಾಕಿಸಿದ ಒಡ್ಡು
ಒಂದೇ ರಾತ್ರಿಗೆ ಒಡೆಯಿತು.
ಸಾಬವ್ವನ ಎರಡು ಎಕರೆ ಎರಿ ಮಣ್ಣು ಹಳ್ಳದ ಪಾಲು.
ಆಕೆ ಬೈಯಲಿಲ್ಲ. ರೊಟ್ಟಿಯ ಮೇಲೆ ಪುಂಡಿ ಪಲ್ಯ ಇಟ್ಟು ಕೊಟ್ಟು
"ಸಾಹೇಬ್ರ, ನೀರಿಗಿ ನಿಮ್ಮ ಇಂಗ್ಲಿಷ್ ಬರಲ್ಲ"
ಎಂದಳಂತೆ.

ಅಲ್ಲಿಂದ ಮುಂದೆ, ಮಳೆ ಬಂದರೆ
ಜನ ಹೊಲ ಬಿಟ್ಟು ಮನೆಗೆ ಓಡುವ ಹೊತ್ತಿಗೆ
ಕಾಕಾ ಮನೆ ಬಿಟ್ಟು ಹೊಲಕ್ಕೆ ಓಡುತ್ತಿದ್ದರು.
ಕೊಡೆ ಮಡಚಿ ಬದುವಿನ ಮೇಲೆ ಕೂತು
ನೀರು ಎಲ್ಲಿ ಸುಮ್ಮನಿರುತ್ತದೆ, ಎಲ್ಲಿ ಸಿಟ್ಟಿಗೇಳುತ್ತದೆ ಎಂದು
ನೆನೆಯುತ್ತಾ ನೋಡುತ್ತಿದ್ದರು.
"ನಡೀಲಿಕ್ಕ ಕಲಿಸಬೇಕು ಅದಕ್ಕ. ಓಡೋದು ಗೊತ್ತೇ ಅದ."
ಶೀತ ಜ್ವರಕ್ಕೆ ಅವ್ವ ಮೆಣಸಿನ ಕಷಾಯ ಕುದಿಸುತ್ತಾ
ಸಾಬವ್ವನನ್ನು ಬೈಯುತ್ತಿದ್ದಳು.
ಒಮ್ಮೆಯೂ ಕಾಣದ ಸಾಬವ್ವನಿಗೆ
ಪ್ರತಿ ಪಂಚಮಿಗೆ ಉಂಡಿ ಕಟ್ಟಿ ಕಳಿಸುತ್ತಿದ್ದಳು.

ಅವರ ಅಳತೆ ಪುಸ್ತಕಗಳು ಕಬ್ಬಿಣದ ಟ್ರಂಕಿನಲ್ಲಿವೆ.
ಅಕ್ಕ ಹೋದ ದಿನದ ಪುಟದಲ್ಲಿ ತಾರೀಖು ಮಾತ್ರ.
ಮುಂದೆ ಎಂಟು ಪುಟ ಖಾಲಿ.
ಒಂಬತ್ತನೆಯದರಲ್ಲಿ ಪೆನ್ಸಿಲ್ ಒತ್ತಿ ಬರೆದಿದ್ದಾರೆ:
ಸಾಬವ್ವನ ಒಡ್ಡು. ಕೋಡಿ ಮೂರು ಇಂಚು ತಗ್ಗಿಸಬೇಕು.

ಹೋದ ಮಾಘದಲ್ಲಿ ಹೋದರು.
ಬೆಳಿಗ್ಗೆ ಚಹಾ ಕುಡಿದು, ಬಸಿಯನ್ನು ಬೋರಲು ಹಾಕಿ,
ಗೋಡೆಗೆ ಒರಗಿದವರು ಒರಗಿಯೇ ಇದ್ದರು.

ಪಡಸಾಲೆಯ ಶಹಾಬಾದಿ ಫರಸಿ ಅವರೇ ಹಾಕಿಸಿದ್ದು.
ಗೌಂಡಿ ಮಕಬೂಲನ ಹಿಂದೆ ಚರಿಗೆ ಹಿಡಿದು ನಿಂತು
ಕಲ್ಲು ಕಲ್ಲಿಗೂ ನೀರು ಸುರಿದು
ನೂರಕ್ಕೆ ಒಂದು, ನೂರಕ್ಕೆ ಒಂದು ಎಂದು
ಜಪ ಮಾಡಿದವರಂತೆ ಇಳಿಜಾರು ಕೊಟ್ಟಿದ್ದರು.
ಕಣ್ಣಿಗೆ ಕಾಣದು ಅದು. ಗೋಲಿ ಬಿಟ್ಟರೆ ಗೊತ್ತಾಗುತ್ತದೆ.

ಈಗ ರಾತ್ರಿ ಮಲಗುವ ಮುನ್ನ
ಅವ್ವ ಚರಿಗೆಯಲ್ಲಿ ಉಳಿದ ನೀರನ್ನು
ಬೇಕಂತಲೇ ಅಲ್ಲಿ ಚೆಲ್ಲುತ್ತಾಳೆ.
ಅದು ಒಂದಿಷ್ಟು ಹೊತ್ತು ಯೋಚಿಸಿ
ಹಾಸಿಗೆಯ ಕಡೆ ಬರದೆ, ಹೊಸ್ತಿಲ ಕಡೆ ಹೋಗದೆ
ಮೂಲೆಯ ಮೋರಿಯತ್ತ ನಡೆಯುತ್ತದೆ.
"ನೋಡು, ಇನ್ನಾ ಅವರ ಮಾತು ಕೇಳ್ತದ,"
ಅನ್ನುತ್ತಾಳೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದ.
"ಈ ಮನ್ಯಾಗ ನನ್ನ ಮಾತು ಯಾರು ಕೇಳ್ಯಾರ?"